ರೂಮಿನಲ್ಲಿ ಸೂಪರ್ ಆಗಿದ್ದ ಟ್ರ್ಯಾಕ್ ಊರಹಬ್ಬದಲ್ಲಿ ಹಾಳಾಯಿತು. ತಮಟೆ ಎಲ್ಲಿ ಹೋಯಿತು?

ಮಹಡಿಬೀಟ್, ತುಮಕೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಬೈಯಬೇಡಿ.

ವಸಂತನರಸಾಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ನನ್ನದು. ಮನೆಗೆ ಬಂದು ಊಟ ಮುಗಿಸಿದ ಮೇಲೆ ಮಹಡಿ ರೂಮಿನಲ್ಲಿ ಮ್ಯೂಸಿಕ್. ಶುರುಮಾಡಿ ಮೂರು ವರ್ಷ ಆಯಿತು. 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್, ಸಣ್ಣದೊಂದು ಆಡಿಯೊ ಇಂಟರ್‌ಫೇಸ್, ಒಂದು ಜೊತೆ 5 ಇಂಚಿನ ಸ್ಪೀಕರ್, ಹಾಡು ಕಟ್ಟುವ ಸಾಫ್ಟ್‌ವೇರ್ ರೀಪರ್, ಸದ್ದು ಹುಟ್ಟಿಸುವ ಸಾಫ್ಟ್‌ವೇರ್ ಸಿಂತ್ ವೈಟಲ್. ಇಷ್ಟೇ ನನ್ನ ಆಸ್ತಿ.

ಹೋದ ತಿಂಗಳು ಗುಬ್ಬಿ ಹತ್ತಿರ ನಮ್ಮ ಊರಿನಲ್ಲಿ ಮಾರಮ್ಮನ ಹಬ್ಬ ಇತ್ತು. ನಮ್ಮ ಸೋದರಮಾವ ತಮಟೆ ಬಾರಿಸುತ್ತಾರೆ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೆಳಗೆ ಕಿಕ್ (ಡ್ರಮ್ಮಿನ ದಪ್ಪ ಏಟು), ಬಾಸ್, ಮೇಲೊಂದು ಲೀಡ್ (ಮುಖ್ಯ ರಾಗದ ಸಿಂತ್) ಹಾಕಿ ಹಬ್ಬಕ್ಕೆ ಅಂತಲೇ ಒಂದು ಟ್ರ್ಯಾಕ್ ಮಾಡಿದೆ. 128 ಬಿಪಿಎಂ (ನಿಮಿಷಕ್ಕೆ 128 ಬೀಟ್), ಎ ಮೈನರ್ ಶ್ರುತಿ. ರೂಮಿನಲ್ಲಿ ಕೇಳಿದರೆ ತಮಟೆ ಎರಡೂ ಕಿವಿ ದಾಟಿ ಗೋಡೆ ಆಚೆ ಹೋದ ಹಾಗೆ ಅಗಲವಾಗಿ ಕೇಳಿಸುತ್ತಿತ್ತು. ಹೆಡ್‌ಫೋನಿನಲ್ಲಿ ಇನ್ನೂ ಜಾಸ್ತಿ. ನನಗೇ ರೋಮಾಂಚನ.

ರಾತ್ರಿ ಡಿಜೆ ಬಾಕ್ಸಿಗೆ ಹಾಕಿಸಿದೆ. ಹುಡುಗರೆಲ್ಲ ರೆಡಿ ಆಗಿ ನಿಂತಿದ್ದರು. ಶುರುವಾಯಿತು ನೋಡಿ, ಬರೀ ಬೂಂ ಬೂಂ ಬೂಂ. ಪೆಂಡಾಲಿನ ತಗಡು ನಡುಗುವಷ್ಟು ಬಾಸ್. ತಮಟೆ ಇಲ್ಲವೇ ಇಲ್ಲ. ಎಲ್ಲೋ ಪಕ್ಕದ ಊರಿನಲ್ಲಿ ಯಾರೋ ಬಾರಿಸುತ್ತಿರುವ ಹಾಗೆ ಅದರ ರಿವರ್ಬ್, ಅಂದರೆ ಪ್ರತಿಧ್ವನಿಯ ಬಾಲ, ಮಾತ್ರ ಕೇಳಿಸಿತು. ಒಂದೂವರೆ ನಿಮಿಷಕ್ಕೆ ಹುಡುಗರು ಬೇರೆ ಹಾಡು ಹಾಕಿಸಿಕೊಂಡರು. ಅದು ಹೋಗಲಿ. ಮಾವ ಹತ್ತಿರ ಬಂದು ಮೆಲ್ಲಗೆ, "ನನ್ನ ತಮಟೆ ಎಲ್ಲಪ್ಪಾ?" ಅಂದರು. ಅವತ್ತಿನಿಂದ ಮಹಡಿ ಹತ್ತಲು ಮನಸ್ಸೇ ಬರುತ್ತಿಲ್ಲ.

ಕೇಳಬೇಕಾಗಿದ್ದು ಇಷ್ಟು. ಇದು ಯಾಕೆ ಹೀಗಾಯಿತು? ಜೊತೆಗೆ, ನನ್ನ ಸಿಂತ್ ಸೌಂಡೆಲ್ಲ ಯಾಕೋ ಪ್ಲಾಸ್ಟಿಕ್ ಬಿಂದಿಗೆ ಥರ ಇರುತ್ತದೆ, ಜೀವ ಇಲ್ಲ. ಮತ್ತೆ ಇದು ಹೇಳಲು ನಾಚಿಕೆ, ಫೋಲ್ಡರಿನಲ್ಲಿ 8 ಬಾರಿನ (ಒಂದು ಬಾರ್ ಅಂದರೆ ನಾಲ್ಕು ಬೀಟ್) ಲೂಪ್‌ಗಳು 60ಕ್ಕಿಂತ ಜಾಸ್ತಿ ಇವೆ, ಮುಗಿದ ಟ್ರ್ಯಾಕ್ ನಾಲ್ಕೇ. ಅದರಲ್ಲಿ ಒಂದು ಇದು.

ಗಣಿಬಾಸ್, ಕೆಜಿಎಫ್

ಉತ್ತರ ಹೇಳುವ ಮುಂಚೆ ಮೂರು ಪ್ರಶ್ನೆ. ರೂಮಿನ ಅಳತೆ ಎಷ್ಟು? ನೀವು ಕೂರುವ ಕುರ್ಚಿ ರೂಮಿನಲ್ಲಿ ಎಲ್ಲಿದೆ? ತಮಟೆಯನ್ನು ಅಗಲ ಮಾಡಲು ಏನು ಮಾಡಿದಿರಿ?

ಮಹಡಿಬೀಟ್

ರೂಮು 10 ಅಡಿಗೆ 10 ಅಡಿ. ಎತ್ತರವೂ ಹತ್ತಿರ ಹತ್ತಿರ 10. ಮೇಲೆ ಆರ್‌ಸಿಸಿ. ಸ್ಪೀಕರನ್ನು ಗೋಡೆಗೆ ಅಂಟಿಸಬಾರದು ಅಂತ ಎಲ್ಲೋ ಓದಿದ್ದೆ, ಅದಕ್ಕೆ ಟೇಬಲ್ ಮುಂದಕ್ಕೆ ಎಳೆದೆ, ಈಗ ಕುರ್ಚಿ ಸರಿಯಾಗಿ ರೂಮಿನ ನಡುವೆ, ಫ್ಯಾನಿನ ಕೆಳಗೆ. ತಮಟೆ ಟ್ರ್ಯಾಕನ್ನು ಕಾಪಿ ಮಾಡಿ ಒಂದನ್ನು ಪೂರ್ತಿ ಎಡಕ್ಕೆ, ಒಂದನ್ನು ಪೂರ್ತಿ ಬಲಕ್ಕೆ ಹಾಕಿ ಬಲದ್ದಕ್ಕೆ ಫೇಸ್ ಇನ್ವರ್ಟ್ (ಅಲೆಯನ್ನು ತಲೆಕೆಳಗು ಮಾಡುವ ಬಟನ್) ಒತ್ತಿದೆ. ಒಂದು ವಿಡಿಯೊದಲ್ಲಿ ತೋರಿಸಿದ್ದರು. ಕಿಕ್ ಸಾಕಾಗುತ್ತಿಲ್ಲ ಅನ್ನಿಸಿ 55 ಹರ್ಟ್ಸ್ ಹತ್ತಿರ 7 ಡಿಬಿ (ಜೋರಿನ ಅಳತೆ) ಏರಿಸಿದ್ದೆ, ಬಾಸಿಗೂ ಸ್ವಲ್ಪ.

ಗಣಿಬಾಸ್

ಸರಿ, ಕಳ್ಳ ಸಿಕ್ಕಿದ. ಒಬ್ಬನಲ್ಲ, ಇಬ್ಬರು.

ಮೊದಲು ಬಾಸ್. ಗೋಡೆಯಿಂದ ಗೋಡೆಗೆ 10 ಅಡಿ ಅಂದರೆ 3.05 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ರೂಮಿನ ಎರಡರಷ್ಟು ಉದ್ದದ ಅಲೆ ಆ ಎರಡು ಗೋಡೆ ಮಧ್ಯೆ ಸರಿಯಾಗಿ ಕೂತುಕೊಳ್ಳುತ್ತದೆ. ಲೆಕ್ಕ ಹಾಕಿ, 343 ಭಾಗಿಸು 6.1, ಬರುವುದು 56 ಹರ್ಟ್ಸ್. ಇದು ರೂಮ್ ಮೋಡ್. ನಿಮ್ಮದು ಉದ್ದ, ಅಗಲ, ಎತ್ತರ ಮೂರೂ ಒಂದೇ ಆಗಿರುವುದರಿಂದ ಮೂರು ದಿಕ್ಕಿನ ಮೋಡೂ ಒಂದೇ ಜಾಗದಲ್ಲಿ ಬಿದ್ದಿದೆ. ರೂಮ್‌ಗಳಲ್ಲೇ ಇದು ಕೆಟ್ಟ ಜಾತಿ. ಈ ಅಲೆ ಗೋಡೆ ಹತ್ತಿರ ಜೋರು, ನಟ್ಟನಡುವೆ ಹೆಚ್ಚುಕಮ್ಮಿ ಸೊನ್ನೆ. ನೀವು ಕೂತಿರುವುದು ಎಲ್ಲಿ? ಅದೇ ಸೊನ್ನೆಯ ಮೇಲೆ.

ಈಗ ಇನ್ನೊಂದು ತಮಾಷೆ ನೋಡಿ. ನಿಮ್ಮ ಟ್ರ್ಯಾಕ್ ಎ ಮೈನರ್. ಎ1 ಸ್ವರ 55 ಹರ್ಟ್ಸ್. ಅಂದರೆ ಇಡೀ ಟ್ರ್ಯಾಕಿನ ಮುಖ್ಯ ಬಾಸ್ ಸ್ವರವೇ ನಿಮಗೆ ಕೇಳಿಸದ ಜಾಗದಲ್ಲಿದೆ. ಕೇಳಿಸಲಿಲ್ಲ, ಅದಕ್ಕೆ 7 ಡಿಬಿ ಏರಿಸಿದಿರಿ. ಬಯಲಿನಲ್ಲಿ ಆ ಗೋಡೆಗಳಿಲ್ಲ, ದೊಡ್ಡ ಬಾಕ್ಸ್ ಇದೆ, ಏರಿಸಿದ್ದೆಲ್ಲ ತಗಡಿಗೆ ಹೋಗಿ ಬಡಿಯಿತು. ಕಿಕ್ ತಪ್ಪಿರಲಿಲ್ಲ ಗುರು, ಕುರ್ಚಿ ತಪ್ಪಿತ್ತು.

ನಂಬಿಕೆ ಬರದಿದ್ದರೆ ಹೀಗೆ ಮಾಡಿ. ಒಂದು ಸೈನ್ ಟೋನ್ ಹಾಕಿ 30ರಿಂದ 150 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸುತ್ತಾ ಕೂತಲ್ಲೇ ಕೇಳಿ. ಎಲ್ಲಿ ಉಬ್ಬುತ್ತದೆ, ಎಲ್ಲಿ ಮಾಯವಾಗುತ್ತದೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ 56ಕ್ಕೆ ನಿಲ್ಲಿಸಿ ಎದ್ದು ಮೂಲೆಗೆ ನಡೆಯಿರಿ. ನಾಲ್ಕು ಹೆಜ್ಜೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಅಳತೆ ಮೈಕ್ ಇದ್ದರೆ ಆರ್‌ಇಡಬ್ಲ್ಯೂ ಅಂತ ಉಚಿತ ಸಾಫ್ಟ್‌ವೇರ್ ಇದೆ, ಗ್ರಾಫೇ ಬರುತ್ತದೆ. ಕಿವಿಯೂ ಸಾಕು.

ಪರಿಹಾರ ಪುಕ್ಕಟೆ. ಮುಂದಿನ ಗೋಡೆಯಿಂದ ಕಿವಿಗೆ ಸುಮಾರು 38 ಶೇಕಡಾ ದೂರ ಇರುವ ಹಾಗೆ ಕೂರಿ. ನಿಮ್ಮ ರೂಮಿಗೆ 3 ಅಡಿ 10 ಇಂಚು. ಇದೇನು ವೇದವಾಕ್ಯ ಅಲ್ಲ, ಅಲ್ಲಿಂದ ಶುರುಮಾಡಿ ಅರ್ಧ ಅಡಿ ಹಿಂದೆ ಮುಂದೆ ಮಾಡಿ ನೋಡಿ. ಎಡಬಲ ಮಾತ್ರ ಸಮ ಇರಲಿ. ಎಡಬಲದ ಮೋಡ್ ಆಗಲೂ ಹೋಗುವುದಿಲ್ಲ, ಅದಕ್ಕೆ ಬಾಸ್ ತೀರ್ಮಾನವನ್ನು ಹೆಡ್‌ಫೋನಿನಲ್ಲಿ ಒಂದು ಸಲ ತಾಳೆ ನೋಡಿ. ಹೆಡ್‌ಫೋನಿಗೆ ರೂಮ್ ಇಲ್ಲ ಅಲ್ವಾ.

ಎರಡನೇ ಕಳ್ಳ ಆ ಫೇಸ್ ಬಟನ್. ಒಂದು ಬಾಗಿಲನ್ನು ಒಬ್ಬ ಒಳಗಿಂದ, ಇನ್ನೊಬ್ಬ ಹೊರಗಿಂದ ಅಷ್ಟೇ ಬಲ ಹಾಕಿ ತಳ್ಳಿದರೆ ಬಾಗಿಲು ಅಲ್ಲಾಡುತ್ತದಾ? ಎಡ ಬಲ ಬೇರೆ ಬೇರೆ ಸ್ಪೀಕರಿನಲ್ಲಿ ಇರುವವರೆಗೆ ಅದು ಅಗಲವಾಗಿ ಕೇಳಿಸುತ್ತದೆ. ಎರಡನ್ನೂ ಕೂಡಿಸಿ ಮೋನೊ ಮಾಡಿದ ತಕ್ಷಣ ಒಂದನ್ನೊಂದು ತಿಂದುಹಾಕುತ್ತವೆ. ರಿವರ್ಬ್ ಎಡಕ್ಕೂ ಬಲಕ್ಕೂ ಬೇರೆ ಬೇರೆ ಇರುತ್ತದೆ, ಅದಕ್ಕೆ ಅದೊಂದು ಉಳಿಯಿತು. ಪಕ್ಕದ ಊರಿನ ತಮಟೆ ಅಂದಿರಲ್ಲ, ಅದೇ ಇದು. ರೀಪರಿನ ಮಾಸ್ಟರ್‌ನಲ್ಲಿ ಮೋನೊ ಬಟನ್ ಇದೆ. ಒತ್ತಿ ನೋಡಿ, ಮಾವನ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಶಾಮಿಯಾನ ಸೌಂಡ್ಸ್, ಮಧುಗಿರಿ

ನಾನು ಮ್ಯೂಸಿಕ್ ಮಾಡುವವನಲ್ಲ, ಬಾಕ್ಸ್ ಕಟ್ಟುವವನು. ಮದುವೆ, ಗಣೇಶ, ಊರಹಬ್ಬ ಎಲ್ಲಾ. ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಾವು ಬಯಲಿನಲ್ಲಿ ಮೋನೊ ಓಡಿಸುತ್ತೇವೆ. ಯಾಕೆ ಅಂದರೆ ಎಡ ಬಾಕ್ಸ್ ಹತ್ತಿರ ನಿಂತವನಿಗೆ ಬಲದ ಬಾಕ್ಸಿನಲ್ಲಿ ಇರುವುದು ಕೇಳಿಸುವುದೇ ಇಲ್ಲ, ಅರ್ಧ ಹಾಡು ಅರ್ಧ ಜನಕ್ಕೆ ಕೊಟ್ಟ ಹಾಗೆ ಆಗುತ್ತದೆ. ಹುಡುಗರು ಬಂದು ಅಣ್ಣಾ ನಮ್ಮ ಟ್ರ್ಯಾಕ್ ಹಾಕಿ ಅಂತ ಫೋನ್ ಕೊಡುತ್ತಾರೆ, ಸರಿ ಇರಲ್ಲ, ಆಮೇಲೆ ಬೈಗುಳ ಆಪರೇಟರಿಗೆ.

ಎರಡು ಮಾತು. ವಾಟ್ಸಾಪಿನಲ್ಲಿ ಆಡಿಯೊ ಅಂತ ಕಳಿಸಿದ ಫೈಲ್ ತರಬೇಡಿ, ಪೆನ್‌ಡ್ರೈವಿನಲ್ಲಿ ವೇವ್ ಫೈಲ್ ತನ್ನಿ. ಮತ್ತೆ ಜನ ಬರುವ ಮುಂಚೆ, ಸಂಜೆ ನಾವು ಚೆಕ್ ಮಾಡುವಾಗ ಬನ್ನಿ. ಒಂದು ನಿಮಿಷ ಹಾಕಿ ತೋರಿಸುತ್ತೇವೆ. ಒಂದು ಟೀ ಕೊಡಿಸಿದರೆ ಎರಡು ನಿಮಿಷ.

ಪ್ಲಗಿನ್‌ಪ್ರಿಯ

ಇಷ್ಟೆಲ್ಲಾ ತಲೆನೋವು ಯಾಕೆ ಬ್ರೋ. ಒಂದು ಸಬ್‌ವೂಫರ್ ತಗೊಳ್ಳಿ, ಗೋಡೆಗೆ ಫೋಮ್ ಅಂಟಿಸಿ. ದುಡ್ಡಿಲ್ಲದಿದ್ದರೆ ಮೊಟ್ಟೆ ಟ್ರೇ. ರೂಮಿನ ಏರುಪೇರು ತಿದ್ದುವ ಒಂದು ರೂಮ್ ಕರೆಕ್ಷನ್ ಪ್ಲಗಿನ್ ಹಾಕಿ. ಮುಗಿಯಿತು.

ಗಣಿಬಾಸ್

ಮೊಟ್ಟೆ ಟ್ರೇಯಿಂದ ಬಾಸ್ ನಿಲ್ಲುವ ಹಾಗಿದ್ದರೆ ಕೋಳಿ ಫಾರಂನವರೆಲ್ಲ ಸ್ಟುಡಿಯೊ ಇಟ್ಟಿರುತ್ತಿದ್ದರು. 56 ಹರ್ಟ್ಸಿನ ಅಲೆ 6 ಮೀಟರ್ ಉದ್ದ. ಅದರ ಕಾಲು ಭಾಗ ಅಂದರೂ 5 ಅಡಿ. ಎರಡು ಇಂಚು ಫೋಮ್ ಅದಕ್ಕೆ ಸೊಳ್ಳೆಪರದೆ ಇದ್ದ ಹಾಗೆ. ಆ ಫೋಮ್ ಚಪ್ಪಾಳೆಯ ಪ್ರತಿಧ್ವನಿಯಂಥ ಮೇಲಿನ ಶಬ್ದ ಕಡಿಮೆ ಮಾಡುತ್ತದೆ, ಆಗ ರೂಮು ಇನ್ನೂ ಮಬ್ಬಾಗಿ ಬಾಸ್ ಜಾಸ್ತಿ ಆದ ಹಾಗೆ ಅನ್ನಿಸುತ್ತದೆ. ಸೊನ್ನೆ ಇರುವ ಜಾಗದಲ್ಲಿ ಕರೆಕ್ಷನ್ ಪ್ಲಗಿನ್ ಎಷ್ಟು ಏರಿಸಿದರೂ ಸೊನ್ನೆಯೇ. ಸ್ಪೀಕರ್ ಸುಮ್ನೆ ಬೆವರುತ್ತದೆ. ಸಬ್‌ವೂಫರ್ ತಂದರೆ ಅದೇ ಮೋಡನ್ನು ಇನ್ನೂ ಚೆನ್ನಾಗಿ ಎಬ್ಬಿಸುತ್ತೀರಿ.

ದುಡ್ಡು ಹಾಕದೆ ಆಗುವುದು ಅಂದರೆ ಹಳೆಯ ಹತ್ತಿ ಹಾಸಿಗೆಗಳನ್ನು ಸುರುಳಿ ಸುತ್ತಿ ಮೂಲೆಗಳಲ್ಲಿ ನಿಲ್ಲಿಸುವುದು. ದಪ್ಪ ಇದ್ದಷ್ಟೂ ಒಳ್ಳೆಯದು. ನಿಮ್ಮ ಗುಬ್ಬಿ ತಿಪಟೂರು ಕಡೆ ತೆಂಗಿನ ನಾರಿಗೆ ಬರವೇ? ನಾರು ತುಂಬಿದ ದಪ್ಪ ಹಾಸಿಗೆಯೂ ಆಗುತ್ತದೆ. 56ಕ್ಕೆ ಪವಾಡ ಮಾಡುವುದಿಲ್ಲ, 100ರ ಮೇಲೆ ಕೆಲಸ ಮಾಡುತ್ತದೆ.

ನಮ್ಮಪ್ಪ ಗಣಿಯಲ್ಲಿದ್ದವರು. 2001ರಲ್ಲಿ ಮುಚ್ಚುವ ತನಕ. ಒಳಗೆ ಬಂಡೆ ಸಿಡಿದರೆ ಮೇಲೆ ಮನೆಯಲ್ಲಿ ಸದ್ದು ಕೇಳುವ ಮುಂಚೆ ಸ್ಟ್ಯಾಂಡಿನ ಲೋಟಗಳು ಟಿಣಿಟಿಣಿ ಅನ್ನುತ್ತಿದ್ದವಂತೆ. ಬಾಸ್ ಅಂದರೆ ನನಗೆ ಅದೇ ನೆನಪಾಗುವುದು. ಕಿವಿಯನ್ನೇ ನಂಬಬೇಡಿ. ಯಾವ ಹರ್ಟ್ಸ್ ಎಷ್ಟು ಜೋರಿದೆ ಅಂತ ತೋರಿಸುವ ಒಂದು ಅನಲೈಸರ್ ತೆರೆದಿಟ್ಟುಕೊಂಡು ನಿಮಗೆ ಇಷ್ಟವಾದ ಯಾವುದಾದರೂ ರಿಲೀಸ್ ಆದ ಟ್ರ್ಯಾಕನ್ನು ಅದೇ ಸೆಷನ್ನಿಗೆ ಎಳೆದು ಹಾಕಿ, ಜೋರು ಎರಡೂ ಸಮ ಮಾಡಿ, ಕೆಳಗಿನ ಭಾಗ ಹೋಲಿಸಿ ನೋಡಿ. ಜೋರು ಸಮ ಮಾಡುವುದನ್ನು ಮರೆಯಬೇಡಿ. ಜೋರಾಗಿದ್ದದ್ದು ಯಾವತ್ತೂ ಚೆನ್ನಾಗಿರುವ ಹಾಗೇ ಕೇಳಿಸುತ್ತದೆ, ಅದು ಕಿವಿಯ ದೌರ್ಬಲ್ಯ.

ಗೂಡುಸದ್ದು, ಶಿಡ್ಲಘಟ್ಟ

ಬಾಸ್ ಪಂಚಾಯಿತಿ ಮುಗಿಯಿತು ಅಂದುಕೊಳ್ಳುತ್ತೇನೆ. ಆ ಪ್ಲಾಸ್ಟಿಕ್ ಬಿಂದಿಗೆ ಪ್ರಶ್ನೆಗೆ ಯಾರೂ ಬರಲಿಲ್ಲ, ನಾನು ಬರುತ್ತೇನೆ ತಮ್ಮ.

ನಮ್ಮ ಮನೆಯಲ್ಲಿ ರೇಷ್ಮೆ ಬಿಚ್ಚಾಣಿಕೆ. ಸಿಂತ್ ಕಲಿಯುವ ಮುಂಚೆಯೇ ನನ್ನ ಕಿವಿ ತುಂಬಾ ಮೋಟಾರು, ಕುದಿಯುವ ನೀರು, ತಿರುಗುವ ರಾಟೆ. ಮೊದಮೊದಲು ಅದನ್ನೆಲ್ಲ ತಪ್ಪಿಸಿಕೊಂಡು ರೆಕಾರ್ಡ್ ಮಾಡಲು ರಾತ್ರಿ ಎರಡು ಗಂಟೆ ತನಕ ಎದ್ದಿರುತ್ತಿದ್ದೆ. ಒಂದು ದಿನ ಬುದ್ಧಿ ಬಂತು.

ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ. ಒಣಗಿದ ಗೂಡನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಒಣ ಹುಳು ಗೋಡೆಗೆ ತಾಗಿ ಟಿಕ್ ಟಿಕ್ ಅನ್ನುತ್ತದೆ. ಇಲ್ಲಿ ಮಕ್ಕಳೆಲ್ಲ ಮಾಡುವ ಆಟ. ಒಂದು ಹಿಡಿ ಗೂಡನ್ನು ಸ್ಟೀಲ್ ಡಬ್ಬಿಗೆ ಹಾಕಿ ಅಲ್ಲಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. 400 ಹರ್ಟ್ಸ್ ಕೆಳಗೆ ಕತ್ತರಿಸಿದೆ, ಒಂದೊಂದು ಏಟನ್ನೂ ಬಿಡಿಸಿ 12 ತುಂಡು ಮಾಡಿದೆ, ರೆಕಾರ್ಡ್ ಮಾಡಿದ ತುಂಡುಗಳನ್ನು ನುಡಿಸುವ ಸ್ಯಾಂಪ್ಲರಿಗೆ ಹಾಕಿ ಪ್ರತಿ ಸಲ ಬೇರೆ ತುಂಡು ಬರುವ ಹಾಗೆ ಇಟ್ಟೆ. ಹೈಹ್ಯಾಟ್ (ಡ್ರಮ್‌ಸೆಟ್ಟಿನ ಜೋಡಿ ತಾಳ) ರೆಡಿ. ಒಂದೇ ಸ್ಯಾಂಪಲ್ 16 ಸಲ ಬಂದರೆ ಮೆಷಿನ್‌ಗನ್ ಥರ ಇರುತ್ತದೆ, ಕಿವಿ ಅದನ್ನು ಎರಡನೇ ಬಾರಿಗೇ ಗುರುತು ಹಿಡಿಯುತ್ತದೆ. ಪ್ಲಾಸ್ಟಿಕ್ ಅನ್ನಿಸುವುದಕ್ಕೆ ಅರ್ಧ ಕಾರಣ ಇದೇ, ಎಲ್ಲವೂ ಪ್ರತಿ ಸಲ ಒಂದೇ ಥರ ಇರುವುದು.

ಸಿಂತ್‌ಗೂ ಅದೇ ಮಾತು. ವೈಟಲ್‌ನಲ್ಲಿ ರ‍್ಯಾಂಡಮ್ ಎಲ್‌ಎಫ್‌ಒ (ಸದ್ದನ್ನು ಮೆಲ್ಲಗೆ ಅಲ್ಲಾಡಿಸುವ ನಿಧಾನದ ಅಲೆ) ಇದೆ, ಅದನ್ನು ಪಿಚ್‌ಗೆ ನಾಲ್ಕೈದು ಸೆಂಟ್ (ಒಂದು ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಭಾಗ) ಮಾತ್ರ ಎಳೆಯಿರಿ. ಫಿಲ್ಟರಿಗೆ ವೆಲಾಸಿಟಿ (ಕೀ ಒತ್ತುವ ಬಲ) ಕೊಡಿ, ಮೆಲ್ಲಗೆ ಒತ್ತಿದರೆ ಮಬ್ಬು, ಜೋರಾಗಿ ಒತ್ತಿದರೆ ಹೊಳಪು. ನಿಮ್ಮ ಸ್ವಂತ ರೆಕಾರ್ಡಿಂಗನ್ನೇ ವೈಟಲ್‌ನ ಆಸಿಲೇಟರ್ (ಸದ್ದು ಹುಟ್ಟುವ ಭಾಗ) ಮೇಲೆ ಎಳೆದು ಬಿಟ್ಟರೆ ಅದನ್ನೇ ವೇವ್‌ಟೇಬಲ್, ಅಂದರೆ ನುಡಿಸಲು ಬೇಕಾದ ಅಲೆಗಳ ಪಟ್ಟಿ, ಮಾಡಿಕೊಳ್ಳುತ್ತದೆ. ಮಾವನ ತಮಟೆಯ ಬಾಲ, ಅಂದರೆ ಏಟಿನ ನಂತರ ಉಳಿಯುವ ಗುಂಯ್ ಇದೆಯಲ್ಲ, ಅದನ್ನು ಹಾಕಿ ನೋಡಿ. ಅದರಿಂದ ಬಾಸ್ ಮಾಡಿದರೆ ಬಾಸಿಗೂ ತಮಟೆಗೂ ಒಂದೇ ರಕ್ತ ಇರುತ್ತದೆ.

ಜಾಗಟೆ ಥರ ಸೌಂಡ್ ಬೇಕಾದರೆ ಸ್ಯಾಂಪಲ್ ಹುಡುಕಬೇಡಿ, ಎಫ್‌ಎಂ (ಒಂದು ಅಲೆಯಿಂದ ಇನ್ನೊಂದನ್ನು ಕುಲುಕಿ ಸದ್ದು ಮಾಡುವುದು, ರೇಡಿಯೊ ಅಲ್ಲ) ಕಲಿಯಿರಿ. ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡ ವಿದ್ಯೆ ಅದು, ಆಮೇಲೆ ಯಮಾಹಾ ಡಿಎಕ್ಸ್7 ಆಗಿ 1983ರಲ್ಲಿ ಪೇಟೆಗೆ ಬಂತು. ಆ ಕೀಬೋರ್ಡಿನದೇ ಸಾಫ್ಟ್‌ವೇರ್ ರೂಪ ಡೆಕ್ಸೆಡ್, ಪುಕ್ಕಟೆ ಸಿಗುತ್ತದೆ. ಎರಡು ಆಪರೇಟರ್ (ಅಲೆ ಹುಟ್ಟಿಸುವ ಘಟಕ) ಸಾಕು. ಮೊದಲನೆಯದರ ರೇಶಿಯೊ 1, ಅದನ್ನು ಕುಲುಕುವ ಎರಡನೆಯದು 1.41. ಪೂರ್ಣಸಂಖ್ಯೆ ಅಲ್ಲದ್ದರಿಂದ ಹಾರ್ಮೋನಿಕ್ಸ್ ಒಂದಕ್ಕೊಂದು ಹೊಂದದೆ ಲೋಹದ ಸದ್ದು ಬರುತ್ತದೆ. ಗುಟ್ಟು ಇರುವುದು ಎನ್ವಲಪ್‌ನಲ್ಲಿ, ಅಂದರೆ ಸದ್ದು ಏರಿ ಇಳಿಯುವ ರೀತಿಯಲ್ಲಿ. ಕುಲುಕುವ ಆಪರೇಟರ್ ಬೇಗ ಇಳಿಯಲಿ, ಮುಖ್ಯದ್ದು ನಿಧಾನವಾಗಿ ಇಳಿಯಲಿ. ನಿಜವಾದ ಜಾಗಟೆಯಲ್ಲೂ ಮೊದಲು ಹೊಳಪು ಸಾಯುತ್ತದೆ, ಆಮೇಲೆ ಗುಂಯ್ ಉಳಿಯುತ್ತದೆ.

ರಿವರ್ಬಿಗೂ ಊರನ್ನೇ ಬಳಸಿ. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ನಮ್ಮ ಹುಳು ಮನೆ ಖಾಲಿ ಇರುತ್ತದೆ. ಅಲ್ಲಿ ಒಂದು ಬಲೂನ್ ಒಡೆದು ಆ ಸದ್ದನ್ನು ರೆಕಾರ್ಡ್ ಮಾಡಿ ರೀಪರಿನ ರಿಯಾವರ್ಬ್ ಅನ್ನುವ ರಿವರ್ಬ್ ಪ್ಲಗಿನ್‌ಗೆ ಹಾಕಿದೆ. ಈಗ ನನ್ನ ಕ್ಲ್ಯಾಪ್ ಎಲ್ಲಾ ಹುಳು ಮನೆಯಲ್ಲಿ ಹೊಡೆದ ಹಾಗೇ ಇರುತ್ತವೆ. ಅಮ್ಮ ಮಾತ್ರ ಹುಳು ಮನೆಯಲ್ಲಿ ಬಲೂನ್ ಯಾಕೆ ಒಡೆದೆ ಅಂತ ಇನ್ನೂ ಕೇಳುತ್ತಿದ್ದಾರೆ.

ಇನ್ನೊಂದು ಸಣ್ಣ ವಿಷಯ. ನಮ್ಮ ಕರೆಂಟು 50 ಹರ್ಟ್ಸ್, ಮೋಟಾರಿನ ಗುಂಯ್ ಜಾಸ್ತಿ 100ರಲ್ಲಿ ಇರುತ್ತದೆ. ಜಿ2 ಸ್ವರ 98. ಅಂದರೆ ನಮ್ಮ ಮೋಟಾರು ಜಿ ಸ್ವರಕ್ಕಿಂತ ಸುಮಾರು 35 ಸೆಂಟ್ ಮೇಲೆ ಹಾಡುತ್ತಿದೆ. 35 ಇಳಿಸಿದರೆ ಸಾಕು, ಜಿ ಶ್ರುತಿಗೆ ಒಳ್ಳೆ ಡ್ರೋನ್. ತಂಬೂರಿ ಬೇಡ.

ಮಹಡಿಬೀಟ್

ಅಕ್ಕಾ, ಆ ಗೂಡಿನ ಹೈಹ್ಯಾಟ್ ಕೇಳಬೇಕಲ್ಲ! ಲೂಪ್ ರೋಗಕ್ಕೆ ಏನಾದರೂ ಔಷಧಿ ಇದೆಯಾ?

ಗೂಡುಸದ್ದು

ಇದೆ, ಕಹಿ. ಸೌಂಡ್ ಮಾಡುವ ದಿನ ಬೇರೆ, ಟ್ರ್ಯಾಕ್ ಕಟ್ಟುವ ದಿನ ಬೇರೆ ಇಟ್ಟುಕೊಳ್ಳಿ. ಟ್ರ್ಯಾಕ್ ಕಟ್ಟುವಾಗ ಸ್ನೇರ್ ಹುಡುಕಲು ಹೋದರೆ ಆ ರಾತ್ರಿ ಹೋಯಿತು ಅಂತ ಲೆಕ್ಕ, ನನಗೂ ಎಷ್ಟೋ ಸಲ ಹೋಗಿದೆ. ಸೌಂಡ್ ದಿನ ಮಾಡಿದ್ದನ್ನೆಲ್ಲ ಹೆಸರಿಟ್ಟು ಫೋಲ್ಡರಿಗೆ ಹಾಕಿ, ಹೆಸರಿನಲ್ಲೇ ಸ್ವರ, ಬಿಪಿಎಂ ಇರಲಿ. "ಫೈನಲ್_ಹೊಸದು_2" ಅಂತೆಲ್ಲ ಇಡಬೇಡಿ.

ಎಂಟು ಬಾರ್ ಚೆನ್ನಾಗಿದೆಯಾ? ಅದನ್ನು ಇದ್ದ ಹಾಗೇ 64 ಬಾರಿಗೆ ಎಳೆಯಿರಿ. 128 ಬಿಪಿಎಂನಲ್ಲಿ ಒಂದು ಬಾರ್ 1.875 ಸೆಕೆಂಡ್, 64 ಬಾರ್ ಅಂದರೆ ಸರಿಯಾಗಿ ಎರಡು ನಿಮಿಷ. ಎಲ್ಲ ಟ್ರ್ಯಾಕೂ ತುಂಬಿ ನಿಂತಿದೆ. ಈಗ ಸೇರಿಸಬೇಡಿ, ಕೀಳಿ. ಮೊದಲ 16 ಬಾರಿನಲ್ಲಿ ಬಾಸ್ ಕೀಳಿ, ನಡುವೆ ಎಲ್ಲೋ ಕಿಕ್ ಕೀಳಿ, ಒಂದು ಕಡೆ ತಮಟೆ ಒಂದನ್ನೇ ಬಿಡಿ. ಕಳೆ ಕಿತ್ತ ಹಾಗೆ. ಮುಕ್ಕಾಲು ಗಂಟೆಯಲ್ಲಿ ಟ್ರ್ಯಾಕಿನ ಅಸ್ಥಿಪಂಜರ ಬರುತ್ತದೆ, ಚೆನ್ನಾಗಿ ಬರಬೇಕು ಅಂತೇನಿಲ್ಲ, ಬರಬೇಕು ಅಷ್ಟೇ. ಮಿಕ್ಸ್ ಮುಟ್ಟಬೇಡಿ ಅಲ್ಲಿ ತನಕ.

8 ಜಿಬಿಯಲ್ಲಿ ವೈಟಲ್ ಏಳೆಂಟು ತೆರೆದರೆ ಲ್ಯಾಪ್‌ಟಾಪ್ ಉಸಿರುಗಟ್ಟುತ್ತದೆ. ಒಂದು ಸೌಂಡ್ ಒಪ್ಪಿಗೆ ಆದ ತಕ್ಷಣ ಫ್ರೀಜ್ ಮಾಡಿ ಆಡಿಯೊ ಮಾಡಿಬಿಡಿ. ಇದರಿಂದ ಇನ್ನೊಂದು ಲಾಭ, ಮತ್ತೆ ಮತ್ತೆ ಹೋಗಿ ಕೆರೆಯುವ ಚಟ ತಪ್ಪುತ್ತದೆ. ನುಡಿಸುವಾಗ ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಲೆಕ್ಕಹಾಕುವ ಸದ್ದಿನ ತುಂಡು) 128 ಸ್ಯಾಂಪಲ್ ಇಡಿ, 44.1 ಕಿಲೊಹರ್ಟ್ಸ್‌ನಲ್ಲಿ ತಡ 3 ಮಿಲಿಸೆಕೆಂಡ್ ಕೂಡ ಇಲ್ಲ. ಮಿಕ್ಸ್ ಮಾಡುವಾಗ 1024 ಇಡಿ, ಆಗ 23 ಆಗುತ್ತದೆ, ನುಡಿಸಲು ಆಗುವುದಿಲ್ಲ ಆದರೆ ಟಕ್ ಟಕ್ ಸದ್ದು ಬರುವುದಿಲ್ಲ. ಆಟೊಸೇವ್ ಐದು ನಿಮಿಷಕ್ಕೆ ಇಡಿ. ಕರೆಂಟ್ ಬಗ್ಗೆ ನಾನು ಹೇಳಬೇಕಾಗಿಲ್ಲ.

ಅಂತರಗಂಗೆ ಹುಡುಗ, ಕೋಲಾರ

ತಮಟೆ ಬಗ್ಗೆಯೇ ಯಾರೂ ಮಾತಾಡಲಿಲ್ಲವಲ್ಲ. ಮಿಕ್ಸ್ ಎಷ್ಟು ಸರಿಮಾಡಿದರೂ ರೆಕಾರ್ಡಿಂಗ್ ಸತ್ತಿದ್ದರೆ ಏನು ಮಾಡುತ್ತೀರಿ? ಸುಮಾರು ಫೋನುಗಳು ಜೋರು ಸದ್ದು ಬಂದ ತಕ್ಷಣ ತಾವೇ ಧ್ವನಿ ತಗ್ಗಿಸುತ್ತವೆ, ಏಟಿನ ಮೂತಿಯೇ ಚಪ್ಪಟೆ. ಆಟೊ ಗೇನ್ ಆಫ್ ಮಾಡಲು ಬಿಡುವ ರೆಕಾರ್ಡರ್ ಆ್ಯಪ್ ಹಾಕಿ, ಇಲ್ಲಾ ಯಾರದಾದರೂ ಹ್ಯಾಂಡಿ ರೆಕಾರ್ಡರ್ ಕೇಳಿ. 24 ಬಿಟ್, ಅತಿ ಜೋರು ಏಟು ಮೈನಸ್ 12 ಡಿಬಿ ಹತ್ತಿರ ಬರಲಿ. ಹಬ್ಬದ ಗಲಾಟೆಯಲ್ಲಿ ಬೇಡ, ರೂಮಿನಲ್ಲೂ ಬೇಡ. ಬಯಲಿಗೆ ಹೋಗಿ, ಗೋಡೆ ಇಲ್ಲದ ಕಡೆ, ನಾಲ್ಕೈದು ಅಡಿ ದೂರದಲ್ಲಿ ಮೈಕ್ ಇಡಿ.

ಶ್ರುತಿ ವಿಷಯ ಮಾವನಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಬೆಂಕಿಗೆ ಕಾಯಿಸಿದಾಗ ಚರ್ಮ ಬಿಗಿಯಾಗಿ ಟಣ್ ಅನ್ನುತ್ತದೆ, ತಣ್ಣಗಾಗುತ್ತಾ ಇಳಿಯುತ್ತದೆ. ಅದಕ್ಕೆ ಕಾಯಿಸಿದ ತಕ್ಷಣ ಬಿಡಿ ಏಟುಗಳನ್ನು ಮೊದಲು ತೆಗೆದುಕೊಳ್ಳಿ, ಮೆಲ್ಲಗೆ, ಮಧ್ಯಮ, ಜೋರು, ಒಂದೊಂದೂ ನಾಲ್ಕೈದು ಸಲ. ದಪ್ಪ ಕೋಲಿನದು ಬೇರೆ, ತೆಳು ಕಡ್ಡಿಯದು ಬೇರೆ. ದಪ್ಪ ಕೋಲು ಮೈ ಕೊಡುತ್ತದೆ, ಕಡ್ಡಿ 2ರಿಂದ 5 ಕಿಲೊಹರ್ಟ್ಸ್ ನಡುವೆ ಚಾಟಿ ಕೊಡುತ್ತದೆ. ಬಯಲಿನ ಬಾಕ್ಸಿನಲ್ಲಿ ಕೊನೆ ಸಾಲಿನವನಿಗೂ ಕೇಳಿಸುವುದು ಆ ಚಾಟಿಯೇ. ಲೀಡ್ ಸಿಂತನ್ನು ಅಲ್ಲಿ ಸ್ವಲ್ಪ ತಗ್ಗಿಸಿ ಜಾಗ ಮಾಡಿಕೊಡಿ.

ಅಗಲ ಬೇಕೇ ಬೇಕು ಅಂದರೆ ಒಂದೇ ಟೇಕನ್ನು ಕಾಪಿ ಮಾಡಬೇಡಿ. ಅದೇ ವರಸೆಯನ್ನು ಎರಡು ಸಲ ಬಾರಿಸಿ ಅಂತ ಕೇಳಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಡಿ, ಮುಖ್ಯ ತಮಟೆ ನಡುವೆಯೇ ಇರಲಿ. ಎರಡು ಟೇಕ್ ಯಾವತ್ತೂ ಒಂದೇ ಥರ ಇರುವುದಿಲ್ಲ, ಮೋನೊ ಮಾಡಿದರೂ ಒಂದನ್ನೊಂದು ತಿನ್ನುವುದಿಲ್ಲ. ಬಾಸಿಗೆ ಕಿಕ್‌ನಿಂದ ಸೈಡ್‌ಚೈನ್ ಹಾಕಿ, ಕಿಕ್ ಬಂದಾಗ ಬಾಸ್ ತಾನೇ ತಗ್ಗುತ್ತದೆ. ರಿಲೀಸ್, ಅಂದರೆ ತಗ್ಗಿದ ಬಾಸ್ ಮತ್ತೆ ಏಳುವ ಸಮಯ, 120 ಮಿಲಿಸೆಕೆಂಡ್‌ನಿಂದ ಶುರುಮಾಡಿ, ನಿಮ್ಮ ವೇಗದಲ್ಲಿ ಬೀಟಿನಿಂದ ಬೀಟಿಗೆ 469 ಮಿಲಿಸೆಕೆಂಡ್ ಇದೆ, ಬಾಸ್ ಉಸಿರಾಡಲು ಸಮಯ ಸಿಗುತ್ತದೆ.

ಕೊನೆಗೆ ಒಂದು, ಸ್ವಲ್ಪ ಖಾರ ಇದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಗೆ. ಆದರೂ ಸ್ಯಾಂಪಲ್ ಪ್ಯಾಕುಗಳಲ್ಲಿ ನೋಡಿ, "ಇಂಡಿಯನ್ ಫ್ರೇಮ್ ಡ್ರಮ್ 07" ಅಂತ ಇರುತ್ತದೆ. ಬಾರಿಸಿದವರ ಹೆಸರಿಲ್ಲ, ಊರಿಲ್ಲ. ಮಾವ ಎಲ್ಲಪ್ಪಾ ಅಂತ ಕೇಳಿದ್ದು ಬರೀ ಸೌಂಡಿನ ಬಗ್ಗೆ ಅಲ್ಲ ಅನ್ನಿಸುತ್ತದೆ ನನಗೆ. ಟ್ರ್ಯಾಕಿನ ಹೆಸರಿನ ಪಕ್ಕ ಅವರ ಹೆಸರು ಹಾಕಿ, ಕಾಸು ಬಂದರೆ ಪಾಲು ಕೊಡಿ.

ಮಹಡಿಬೀಟ್

ಎರಡು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಮೊದಲು ಮೋನೊ ಬಟನ್ ಒತ್ತಿದೆ. ತಮಟೆ ಮಾಯ! ಬಿಟ್ಟೆ, ಬಂತು. ಒತ್ತಿದೆ, ಮಾಯ. ಒಬ್ಬನೇ ಕೂತು ಹತ್ತು ಸಲ ಮಾಡಿದೆ, ನಗು ಬಂತು, ಸ್ವಲ್ಪ ಅಳುವೂ ಬಂತು. 56 ಹರ್ಟ್ಸ್ ಹಾಕಿ ಮೂಲೆಗೆ ನಡೆದಾಗ ಕಿಟಕಿ ಗಾಜು ಝಣ್ ಅಂದಿದ್ದು ಕೇಳಿ ಕೆಳಗಿನಿಂದ ಅಮ್ಮ ಕೂಗಿದರು. ಈಗ ಕುರ್ಚಿ 3 ಅಡಿ 10 ಇಂಚಿಗೆ ಬಂದಿದೆ, ಮೂಲೆಯಲ್ಲಿ ಎರಡು ಹಾಸಿಗೆ ನಿಂತಿವೆ, ಕಿಕ್ ಮೇಲಿನ 7 ಡಿಬಿ ಪೂರ್ತಿ ತೆಗೆದೆ. ತೆಗೆದ ಮೇಲೂ ಕಿಕ್ ಕೇಳಿಸುತ್ತಿದೆ.

ಭಾನುವಾರ ಊರಿಗೆ ಹೋಗಿ ಹೊಲದಲ್ಲಿ ರೆಕಾರ್ಡ್ ಮಾಡಿದೆವು. ಮಾವ ಹುಲ್ಲು ಸುಟ್ಟು ತಮಟೆ ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ, ಇನ್ನೂ ಇಲ್ಲ ಅಂತ ಮತ್ತೆ ಕಾಯಿಸಿ, ಮೂರನೇ ಸಲಕ್ಕೆ ತಲೆ ಆಡಿಸಿದರು. ನಾನು ಬಿಡಿ ಬಿಡಿ ಏಟು ಬೇಕು ಅಂದರೆ ಅವರಿಗೆ ವಿಚಿತ್ರ. ಒಂದೇ ಏಟು ಹೊಡೆದು ಸುಮ್ನೆ ನಿಲ್ಲಲು ಅವರ ಕೈ ಒಪ್ಪುತ್ತಿಲ್ಲ, ಎರಡನೆಯದು ತಾನಾಗೇ ಬೀಳುತ್ತದೆ. ಒಟ್ಟು 31 ಏಟು ಸಿಕ್ಕಿತು. ಒಂದರಲ್ಲಿ ಮೊಪೆಡ್ ಹೋಗಿದೆ, ಅದನ್ನೂ ಇಟ್ಟುಕೊಂಡಿದ್ದೇನೆ. ಹೆಸರು ಹಾಕುತ್ತೇನೆ ಮಾವ ಅಂದೆ. ಹಾಕು, ಊರಿನ ಹೆಸರೂ ಹಾಕು ಅಂದರು.

ಮಧುಗಿರಿ ಅಣ್ಣ, ಮುಂದಿನ ವಾರ ನಮ್ಮ ಕಡೆ ಕೆಲಸ ಏನಾದರೂ ಇದೆಯಾ? ಸಂಜೆ ಚೆಕ್ ಟೈಮಿಗೆ ಪೆನ್‌ಡ್ರೈವ್ ತರುತ್ತೇನೆ. ಟೀ ನನ್ನದು.

ಶಾಮಿಯಾನ ಸೌಂಡ್ಸ್, ಮಧುಗಿರಿ

ಶುಕ್ರವಾರ ಕೊರಟಗೆರೆಯಲ್ಲಿ ಮದುವೆ ಇದೆ. ಐದು ಗಂಟೆಗೆ ಬನ್ನಿ. ಮಾವನನ್ನೂ ಕರೆದುಕೊಂಡು ಬನ್ನಿ.